ಕಿಲುಬು ಹಿಡಿಯದ ಬೋಲ್ಟು

"ಆ ಚಪ್ಪಡಿ ಸರ್ಸು, ಚೌಡ. ಕೆಳಗಿದ್ದದ್ದಕ್ಕೆ ಕೈ ತಾಗ್ಸಬೇಡ."

ಕಾನ್‌ಸ್ಟೇಬಲ್ ಚೌಡ ಮೊಣಕಾಲೂರಿ ಕಲ್ಲು ಸರಿಸಿದ. ಸರ್ಕಲ್ ಇನ್‌ಸ್ಪೆಕ್ಟರ್ ಬೀರಪ್ಪ ನಾಯ್ಕರು ಟೊಪ್ಪಿಗೆ ತೆಗೆದು ಕಂಕುಳಲ್ಲಿ ಸಿಕ್ಕಿಸಿಕೊಂಡು ಗುಂಡಿಯೊಳಗೆ ಬಗ್ಗಿ ನೋಡಿದರು.

ಕರೆಂಟನ್ನು ಭೂಮಿಗಿಳಿಸುವ ಗುಂಡಿ ಅದು. ಇದ್ದಿಲು, ಉಪ್ಪು, ಒದ್ದೆ ಮಣ್ಣು. ನಡುವೆ ಆಳಕ್ಕೆ ಇಳಿಬಿಟ್ಟ ತಾಮ್ರದ ಕಂಬಿ. ಗೋಡೆಯ ತೂತಿನಿಂದ ಹೊರಬಂದ ಎರಡು ತಾಮ್ರದ ಪಟ್ಟಿಗಳನ್ನು ಆ ಕಂಬಿಯ ತಲೆಗೆ ಒಂದೊಂದು ಹಿತ್ತಾಳೆ ಬೋಲ್ಟಿನಿಂದ ಬಿಗಿದಿದ್ದರು.

ಗೋಡೆಯ ಆಚೆಗಿರುವುದು ಜಾಲಿ ಊರಿನ ಹಳೆಯ ಐಸ್ ಫ್ಯಾಕ್ಟರಿ. ಮೊನ್ನೆ ಮಧ್ಯಾಹ್ನ ಅದರೊಳಗೆ ಡಾಕ್ಟರ್ ಶಿವ ಮೊಗೇರ ಕರೆಂಟು ಹೊಡೆದು ಸತ್ತಿದ್ದ. ಆಕಸ್ಮಿಕ ಎಂದು ಪಂಚನಾಮೆಯಾಗಿತ್ತು. ಬೀರಪ್ಪನವರು ಇನ್ನೂ ಸಹಿ ಹಾಕಿರಲಿಲ್ಲ.

"ಎಂತ ಕಾಣ್ತದೆ ನಿಂಗೆ?"

"ಬೋಲ್ಟು, ಸಾಯೇಬ್ರೆ. ಎರಡು."

"ಬಣ್ಣ ನೋಡು."

ಚೌಡ ಇನ್ನಷ್ಟು ಬಗ್ಗಿದ. "ಒಂದಕ್ಕೆ ಕಿಲುಬು ಹಿಡ್ದದೆ. ಹಸರಾಗಿ ಹೋಗದೆ. ಇನ್ನೊಂದು ಚೊಕ್ಕ ಅದೆ."

"ಎರಡನ್ನೂ ಒಂದೇ ದಿನ ಹಾಕಿದ್ದು. ಈ ಸಮುದ್ರದ ಗಾಳಿಗೆ ಹಿತ್ತಾಳೆ ಹಸರಾಗೂಕೆ ಎಷ್ಟು ಹೊತ್ತು ಬೇಕು? ನನ್ನ ಬೆಲ್ಟಿನ ಬಿಲ್ಲೆಯನ್ನೇ ವಾರಕ್ಕೊಮ್ಮೆ ತಿಕ್ಕಬೇಕು."

ಚೊಕ್ಕವಾಗಿದ್ದ ಬೋಲ್ಟಿನ ಮೂಲೆಗಳಲ್ಲಿ ಸ್ಪ್ಯಾನರ್ ಕಚ್ಚಿದ ಗೆರೆಗಳಿದ್ದವು. ಸುತ್ತಲಿನ ಕಿಲುಬು ಹುಡಿಯಾಗಿ ಉದುರಿ ಇದ್ದಿಲಿನ ಮೇಲೆ ಬಿದ್ದಿತ್ತು. ಇತ್ತೀಚೆಗೆ ಯಾರೋ ಅದನ್ನು ಬಿಚ್ಚಿ ಮತ್ತೆ ಬಿಗಿದಿದ್ದರು.

ಬೀರಪ್ಪನವರು ತಿರುಗಿದರು. ಗೋಡೆಯ ಮೂಲೆಗೆ ಆತುಕೊಂಡು ಶಿವನ ಹೆಂಡತಿ ವಸಂತಿ ನಿಂತಿದ್ದಳು. ಭಟ್ಕಳದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಬರಿಯ ಕೊರಳು, ಹರಕು ಸೆರಗು, ಒಣಗಿದ ಕಣ್ಣು.

"ಅಕ್ಕೋರೆ, ಇದರಲ್ಲಿ ಯಾವ ಪಟ್ಟಿ ಯಾವುದರದ್ದು?"

ಅವಳು ಹತ್ತಿರ ಬರಲಿಲ್ಲ. ಬಗ್ಗಿ ನೋಡಲೂ ಇಲ್ಲ.

"ಹಸರಾದದ್ದು ಯಂತ್ರದ್ದು. ಇನ್ನೊಂದು ಕೊಕ್ಕೆದು," ಎಂದಳು.

*

ಐಸ್ ಗಡ್ಡೆ ಕಟ್ಟುತ್ತಿದ್ದ ತೊಟ್ಟಿಗಳನ್ನು ಕಿತ್ತ ಜಾಗದಲ್ಲಿ ಯಂತ್ರ ನಿಂತಿತ್ತು. ಮುಂಬಯಿಯ ಸಂಶೋಧನಾ ಸಂಸ್ಥೆಯೊಂದು ಹಳತಾಯಿತೆಂದು ಬಿಟ್ಟ ಕಣವೇಗವರ್ಧಕ ಅದು. ಅಲ್ಲಿಂದ ನಿವೃತ್ತರಾದ ಡಾಕ್ಟರ್ ತ್ರ್ಯಂಬಕರು ಅದನ್ನು ಲಾರಿಯಲ್ಲಿ ಹೇರಿಸಿಕೊಂಡು ಊರಿಗೆ ತಂದಿದ್ದರು. ಕುಮಟೆಯಲ್ಲಿ ಅವರದೊಂದು ವಿಜ್ಞಾನ ಟ್ರಸ್ಟು. ಯಂತ್ರಕ್ಕೆ ಬೇಕಾದ ದೊಡ್ಡ ಕರೆಂಟು, ತಂಪು ಮಾಡಲು ಬಾವಿಯ ನೀರು, ಎರಡೂ ಇದ್ದ ಕಟ್ಟಡವೆಂದು ಈ ಐಸ್ ಫ್ಯಾಕ್ಟರಿ ಹಿಡಿದಿದ್ದರು. ನಡೆಸಲು ತಮ್ಮ ಹಳೆಯ ಶಿಷ್ಯ ಶಿವನನ್ನು ಕರೆಸಿದ್ದರು.

ಒಂದು ತುದಿಯಲ್ಲಿ ಪಿಂಗಾಣಿ ಕಂಬಗಳ ಮೇಲೆ ಕೊಪ್ಪರಿಗೆ ಕವುಚಿ ಹಾಕಿದಂಥ ತಾಮ್ರದ ಗುಮ್ಮಟ. ಗುಮ್ಮಟದೊಳಗೆ ಒಂದು ಗಾಜಿನ ಬಾಟಲಿ. ಅಲ್ಲಿಂದ ಉದ್ದನೆಯ ಲೋಹದ ಕೊಳವೆ ಹೊರಟು ಇನ್ನೊಂದು ತುದಿಯ ಪುಟ್ಟ ಲೋಹದ ಬಟ್ಟಲಿಗೆ ಮುಟ್ಟುತ್ತಿತ್ತು.

"ಶಾಲೆ ಮಕ್ಕಳಿಗೆ ಹೇಳೂ ಹಾಂಗೆ ಹೇಳಿ ಅಕ್ಕೋರೆ," ಎಂದರು ಬೀರಪ್ಪನವರು.

"ಆ ಬಾಟ್ಲಿಯೊಳಗೆ ಒಂಚೂರು ಹೈಡ್ರೋಜನ್ ಬಿಡ್ತಾರೆ. ಕರೆಂಟು ಕೊಟ್ರೆ ಅದು ಗುಲಾಬಿ ಬಣ್ಣಕ್ಕೆ ಬೆಳಗ್ತದೆ. ಅಲ್ಲೇ ಅಯಾನುಗಳು ಹುಟ್ಟೂದು. ಅದನ್ನ ಅಯಾನು ಮೂಲ ಅಂತ ಹೇಳೂದು ಅದಕ್ಕೇಯ. ಹುಟ್ಟಿದ್ದನ್ನ ಸಣ್ಣ ತೂತಿಂದ ಎಳೆದು, ಕೊಳವೆಯಲ್ಲಿ ಓಡಿಸಿ, ಆಚೆ ಬಟ್ಟಲಿಗೆ ಹೊಡೆಸ್ತಾರೆ. ಎಷ್ಟು ಬಂತು ಅಂತ ಮೀಟರು ತೋರಿಸ್ತದೆ. ಮೂಲ ಚಲೋ ಇದ್ರೆ ಯಂತ್ರ ಚಲೋ. ಮೂಲವೇ ಸೊರಗಿದ್ರೆ ಉಳಿದದ್ದೆಲ್ಲ ದಂಡ."

"ಮತ್ತೆ ಕೊಕ್ಕೆ?"

ಅವಳು ಗೋಡೆಗೆ ಒರಗಿಸಿದ್ದ ಬಿದಿರ ಕೋಲನ್ನು ತೋರಿಸಿದಳು. ತುದಿಗೆ ತಾಮ್ರದ ಕೊಕ್ಕೆ. ಕೊಕ್ಕೆಯಿಂದ ಹೆಣೆದ ತಾಮ್ರದ ತಂತಿ ಇಳಿದು, ಪಟ್ಟಿಗೆ ಸೇರಿ, ಗೋಡೆಯ ತೂತಿನಿಂದ ಹೊರಗಿನ ಗುಂಡಿಗೆ ಹೋಗಿತ್ತು.

"ಸ್ವಿಚ್ಚು ಆರಿಸಿದ್ರೂ ಗುಮ್ಮಟದಲ್ಲಿ ಕರೆಂಟು ಉಳಿದಿರ್ತದೆ. ಆಳು ಸಾಯೂವಷ್ಟು. ಮೊದ್ಲು ಕೊಕ್ಕೆ ಸಿಕ್ಕಿಸಿದ್ರೆ ಅದು ಭೂಮಿಗೆ ಇಳಿದು ಹೋಗ್ತದೆ. ಆಮೇಲೆ ಕೈ ಹಾಕೂದು. ಇವರು ಒಂದಿನವೂ ಕೊಕ್ಕೆ ಹಾಕದೆ ಹತ್ತಿರ ಹೋದವರಲ್ಲ."

ಅಂದೂ ಹಾಕಿದ್ದ. ಪೊಲೀಸರು ಬಂದಾಗ ಶಿವನ ಹೆಣ ಗುಮ್ಮಟದ ಬುಡದಲ್ಲಿತ್ತು, ಬಲಗೈ ಮೊಣಕೈವರೆಗೆ ಕಪ್ಪಾಗಿತ್ತು. ಕೊಕ್ಕೆ ಗುಮ್ಮಟಕ್ಕೆ ಸರಿಯಾಗಿ ಸಿಕ್ಕಿಕೊಂಡಿತ್ತು. ಎರಡು ದಿನದಿಂದ ಬೀರಪ್ಪನವರಿಗೆ ನಿದ್ದೆ ಕೊಡದೇ ಇದ್ದದ್ದು ಅದೇ. ಕೊಕ್ಕೆ ಹಾಕಿದವನು ಸತ್ತದ್ದು ಹೇಗೆ?

ಈಗ ಉತ್ತರ ಸಿಕ್ಕಿತ್ತು. ಕೊಕ್ಕೆಯ ಆ ತುದಿ ಭೂಮಿಗೆ ಸೇರಿರಲಿಲ್ಲ. ಅವನು ಸತ್ತ ಮೇಲೆ, ಪೊಲೀಸರು ಬರುವ ಮೊದಲು, ಯಾರೋ ಸೇರಿಸಿದರು.

"ಕೊಲೆ, ಅಲ್ದಾ ಸಾಯೇಬ್ರೆ?" ಚೌಡ ಮೆಲ್ಲಗೆ ಕೇಳಿದ.

ಬೀರಪ್ಪನವರು ಆಗಲೇ ಕೊಳವೆಯ ಗುಂಟ ನಡೆದು ಬಟ್ಟಲಿನ ಹತ್ತಿರ ನಿಂತಿದ್ದರು. ಬಟ್ಟಲಿನ ಬಾಯಿಯ ಸುತ್ತ ಮೂರು ಸ್ಕ್ರೂ ತೂತುಗಳು. ತೂತಿನೊಳಗಿನ ತಿರುಪಿನ ಗೆರೆಗಳು ಹೊಳೆಯುತ್ತಿದ್ದವು. ಅಲ್ಲೇನೂ ಕೂತಿರಲಿಲ್ಲ.

ವಸಂತಿ ಅವರ ಹೆಗಲ ಮೇಲಿಂದ ನೋಡಿ ತಡೆದು ನಿಂತಳು.

"ಉಂಗುರ ಇಲ್ಲ."

"ಯಾವ ಉಂಗುರ?"

"ನಮ್ಮ ಸ್ಟೀಲು ಚೊಂಬಿನ ಕಂಠ." ಅವಳ ದನಿ ಮೊದಲ ಸಲ ಅಲುಗಿತು. "ಅತ್ತೆ ಕೊಟ್ಟ ಚೊಂಬು. ಅದರ ಕಂಠ ಕೊಯ್ದು ಉಂಗುರ ಮಾಡ್ದರು. ನಾನು ಎರಡು ದಿನ ಮಾತು ಬಿಟ್ಟಿದ್ದೆ."

"ಅದನ್ನ ಇಲ್ಲಿ ಹಾಕಿದ್ದು ಎಂತಕ್ಕೆ?"

"ಅಯಾನು ಬಂದು ಬಟ್ಟಲಿಗೆ ಬಡಿದಾಗ ಬಟ್ಟಲಿಂದಲೇ ಎಲೆಕ್ಟ್ರಾನುಗಳು ಹಾರಿ ಹೊರಗೆ ಹೋಗ್ತವೆ. ಹೋದದ್ದನ್ನೂ ಮೀಟರು ಬಂದದ್ದು ಅಂತಲೇ ಎಣಿಸ್ತದೆ. ಹಾಂಗಾಗಿ ಬಂದದ್ದಕ್ಕಿಂತ ಜಾಸ್ತಿ ತೋರಿಸ್ತದೆ. ಉಂಗುರಕ್ಕೆ ಸ್ವಲ್ಪ ಕರೆಂಟು ಕೊಟ್ಟು ಬಟ್ಟಲ ಬಾಯಿಗೆ ಹಿಡಿದ್ರೆ ಹಾರಿದ ಎಲೆಕ್ಟ್ರಾನು ತಿರುಗಿ ಒಳಗೇ ಬೀಳ್ತದೆ. ಮೀಟರು ಖರೆ ಹೇಳ್ತದೆ."

"ಖರೆ ಹೇಳ್ದಾಗ ಎಂತ ಆತು?"

"ಇಷ್ಟು ವರ್ಷ ಡಾಕ್ಟರ್ ತ್ರ್ಯಂಬಕರು ಹೇಳ್ತಿದ್ದ ಲೆಕ್ಕದ ಮೂರನೇ ಒಂದು ಪಾಲು ಬಂತು."

ಬೀರಪ್ಪನವರು ಅವಳ ಮುಖ ನೋಡಿದರು.

"ಆ ಲೆಕ್ಕದ ಮೇಲೇ ಅವರಿಗೆ ಹೆಸರು ಬಂದದ್ದು ಸಾಯೇಬ್ರೆ. ಅಷ್ಟು ಬಲದ ಅಯಾನು ಮೂಲ ದೇಶದಲ್ಲಿ ಯಾರೂ ಮಾಡಿಲ್ಲ ಅಂತ. ಇವರು ಮುಂಬಯಿಯಲ್ಲಿ ಅವರ ಕೈಕೆಳಗೆ ಇದ್ದಾಗ ಅದೇ ಲೆಕ್ಕ ತಗೊಂಡು ಸಂಶೋಧನೆ ಮಾಡೂಕೆ ಹೋದ್ರು. ವರ್ಷಾನುಗಟ್ಲೆ ಮಾಡಿದ್ರೂ ಫಲ ಬರಲೇ ಇಲ್ಲ. ಕೈಲಾಗದವ ಅಂತ ಹೊರಗೆ ಹಾಕಿದ್ರು. ಇಲ್ಲಿಗೆ ಬಂದು ಉಂಗುರ ಹಾಕಿದ ದಿನವೇ ಗೊತ್ತಾತು, ಆ ಲೆಕ್ಕ ಬರೂದೇ ಇಲ್ಲ ಅಂತ."

"ಮುಂದೆ?"

"ಬಾಟ್ಲಿ ತೊಳೆದು, ತೂತಿನ ಸುತ್ತ ಸ್ಫಟಿಕದ ಒರೆ ಹಾಕಿ, ಆಯಸ್ಕಾಂತ ಸುತ್ತ ಕೂರಿಸಿ, ಖರೆ ಲೆಕ್ಕವನ್ನೇ ದುಪ್ಪಟ್ಟು ಮಾಡ್ದರು. ದಿಲ್ಲಿಯಿಂದ ದೊಡ್ಡ ವಿಜ್ಞಾನಿಗಳು ನೋಡೂಕೆ ಬರೂವವರಿದ್ರು. ಅವರೆದುರು ಉಂಗುರ ಹಾಕಿಯೇ ತೋರಿಸ್ತೆ ಅಂತ ಹಟ ಹಿಡಿದಿದ್ರು."

ಪಂಪು ನೋಡಿಕೊಳ್ಳುವ ಗಣಪ ಬಾಗಿಲಲ್ಲಿ ನಿಂತಿದ್ದ. ಬೀರಪ್ಪನವರು ಅವನನ್ನು ಕರೆದರು.

"ಅವತ್ತು ಇಲ್ಲಿ ಯಾರ್ಯಾರು ಇದ್ರು?"

"ಬೆಳಿಗ್ಗೆ ಇಬ್ರೂ ಡಾಕ್ಟ್ರು ಇದ್ರು, ಸಾಯೇಬ್ರೆ. ದೊಡ್ಡ ಮಾತಾತು. ಎಂತ ಅಂತ ನಂಗೆ ತಿಳೂದಿಲ್ಲ, ಇಂಗ್ಲೀಷು. ಮತ್ತೆ ಬಾಟ್ಲಿ ತಂಪು ಮಾಡೂ ನಳಿ ಒಡೀತು. ಹೊಸ ನಳಿ ತಗಬಾ ಅಂತ ದೊಡ್ಡ ಡಾಕ್ಟ್ರು ನನ್ನ ಭಟ್ಕಳ ಪೇಟೆಗೆ ಕಳಿಸಿದ್ರು. ಶಿವ ಡಾಕ್ಟ್ರು ಊಟಕ್ಕೆ ಮನೆಗೆ ಹೊರಟಿದ್ರು. ನಾ ತಿರುಗಿ ಬರೂವಾಗ ಎಲ್ಲ ಮುಗ್ದಿತ್ತು. ದೊಡ್ಡ ಡಾಕ್ಟ್ರು ಹೆಣದ ಹತ್ರ ಕೂತಿದ್ರು. ಅಕ್ಕೋರು ಆಗಷ್ಟೇ ಒಳಗೆ ಬಂದ್ರು."

ಬೀರಪ್ಪನವರು ಟೊಪ್ಪಿಗೆ ಇಟ್ಟುಕೊಂಡರು.

"ಅಕ್ಕೋರೆ, ಆ ಉಂಗುರ ಕಂಡ್ರೆ ಗುರ್ತು ಹಿಡೀತ್ರಿಯಾ?"

"ಹಿಡೀತೆ."

"ಹಾಂಗಾರೆ ಜೀಪಿಗೆ ಹತ್ತಿ. ಕುಮಟೆಗೆ ಹೋಗಿ ಬರೂವಾ."

*

ಜೀಪು ಹೊನ್ನಾವರ ದಾಟಿತು. ವಸಂತಿ ಹಿಂದಿನ ಸೀಟಿನಲ್ಲಿ ಕೈಗಳನ್ನು ತೊಡೆಯ ಮಧ್ಯೆ ಒತ್ತಿಕೊಂಡು ಕೂತಿದ್ದಳು. ಕುಮಟೆಯ ಮನೆಯ ಗೇಟಿನ ಮುಂದೆ ಜೀಪು ನಿಂತಾಗ ಇಳಿಯಲು ಒಪ್ಪಲಿಲ್ಲ.

"ಆ ಮನೆಯ ಮೆಟ್ಟಿಲು ನಾನು ಹತ್ತೂದಿಲ್ಲ. ಉಂಗುರ ಸಿಕ್ರೆ ಇಲ್ಲಿಗೇ ತನ್ನಿ."

ಡಾಕ್ಟರ್ ತ್ರ್ಯಂಬಕರು ಮುಂದಿನ ಕೋಣೆಯಲ್ಲೇ ಕೂತಿದ್ದರು. ಬಿಳಿ ಜುಬ್ಬಾ, ಮೂಗಿನ ತುದಿಯಲ್ಲಿ ಕನ್ನಡಕ, ಸ್ವಲ್ಪ ನಡುಗುವ ಬಲಗೈ. ಇನ್‌ಸ್ಪೆಕ್ಟರನ್ನು ನೋಡಿ ಎದ್ದು ಕುರ್ಚಿ ತೋರಿಸಿದರು.

"ಉಂಗುರ ಎಲ್ಲಿದೆ ಡಾಕ್ಟ್ರೆ?"

ಯಾವ ಉಂಗುರವೆಂದು ಅವರು ಕೇಳಲಿಲ್ಲ. ಮೇಜಿನ ಡ್ರಾಯರು ಎಳೆದು ಹೊಳೆಯುವ ಸ್ಟೀಲಿನ ಬಳೆಯಂಥದೊಂದನ್ನು ತೆಗೆದು ಮೇಜಿನ ಮೇಲಿಟ್ಟರು.

"ಕದ್ದದ್ದು ಅಂತ ತಿಳಿಯಬೇಡಿ. ನನ್ನ ಯಂತ್ರದಲ್ಲಿ ಚೊಂಬಿನ ಚೂರು ಇರಬಾರದು ಅಂತ ಬೆಳಿಗ್ಗೆ ಅವನ ಕಣ್ಣೆದುರಿಗೇ ಬಿಚ್ಚಿದೆ."

"ಅದಕ್ಕೇ ಜಗಳ ಆದದ್ದು?"

"ಜಗಳ ಅವನು ಮಾಡಿದ. ನಾನು ಮಾತಾಡಿದೆ."

"ಈ ಚೂರು ಇದ್ರೆ ನಿಮ್ಮ ಲೆಕ್ಕ ಮೂರರಲ್ಲಿ ಒಂದು ಪಾಲಿಗೆ ಇಳೀತದಂತೆ."

ತ್ರ್ಯಂಬಕರು ಕನ್ನಡಕ ತೆಗೆದು ಜುಬ್ಬಾದ ಅಂಚಿನಿಂದ ಒರೆಸಿದರು. "ಹೆಂಡತಿ ಹೇಳಿದಳೋ? ಮೀಟರು ತೋರಿಸಿದ್ದನ್ನೇ ನಾನು ಬರೆದೆ ಇನ್‌ಸ್ಪೆಕ್ಟರೇ. ಒಂದು ಅಂಕಿಯನ್ನೂ ಸುಳ್ಳು ಹಾಕಿದವನಲ್ಲ."

"ಆತು. ಮೀಟರೇ ತಪ್ಪು ಅಂತ ನಿಮಗೆ ಯಾವಾಗ ಗೊತ್ತಾತು?"

ಹೊರಗೆ ರಸ್ತೆಯಲ್ಲಿ ಶಿರಸಿ ಬಸ್ಸು ಕತಗಾಲದ ಕಡೆಗೆ ಹೊರಳಿ ಹೋಯಿತು. ಮುದುಕರು ಕನ್ನಡಕವನ್ನು ಮಡಚಿ ಮೇಜಿನ ಮೇಲಿಟ್ಟರು.

"ಶಿವ ಮುಂಬಯಿಯಲ್ಲಿ ನನ್ನ ಹತ್ತಿರ ಇದ್ದಾಗ," ಎಂದರು.

ಬೀರಪ್ಪನವರು ಕುರ್ಚಿ ಎಳೆದು ಕೂತರು.

"ಅವನಿಗೆ ಅದು ಬರಲಿಲ್ಲ. ಮತ್ತೆ ಮತ್ತೆ ಮಾಡಿದ. ಅವನ ಕೈ ಎಂಥ ಕೈ ಅಂತ ನನಗೆ ಗೊತ್ತಿತ್ತು. ಅವನಿಗೇ ಬರಲಿಲ್ಲ ಅಂದ ಮೇಲೆ ನಾನು ಒಂದು ಭಾನುವಾರ ಒಬ್ಬನೇ ಹೋಗಿ ನೋಡಿದೆ. ಗೊತ್ತಾಯಿತು."

"ಗೊತ್ತಾದ ಮೇಲೆ ಅವನಿಗೆ ಎಂತ ಹೇಳಿದ್ರಿ?"

ತ್ರ್ಯಂಬಕರು ಡ್ರಾಯರು ಮುಚ್ಚಿದರು.

"ನಾನು ಹೇಳ್ತೆ. ಮೀನಿನ ಬಲೆ ಎಳೆಯೂ ಕೈಗೆ ಈ ಕೆಲಸ ಒಗ್ಗೂದಿಲ್ಲ ಅಂದ್ರಿ. ಎಲ್ಲರೆದುರಿಗೆ. ತನ್ನೂರು ಮಾವಳ್ಳಿಗೆ ಬಂದು ತಾಯಿ ಹತ್ರ ಕೂತು ಅವ ಅತ್ತದ್ದು ಅದಕ್ಕೆ. ಊರಲ್ಲೆಲ್ಲ ಗೊತ್ತಿದ್ದ ಮಾತು."

"ಅಂದೆ," ಎಂದರು ತ್ರ್ಯಂಬಕರು. ದನಿಯಲ್ಲಿ ಏರಿಳಿತವಿರಲಿಲ್ಲ.

"ಹಾಂಗಾರೆ ಅವನನ್ನೇ ಜಾಲಿಗೆ ಕರೆಸಿದ್ದು ಎಂತಕ್ಕೆ?"

"ಅವನಷ್ಟು ಚೆನ್ನಾಗಿ ಮಾಡುವವರು ನನಗೆ ಬೇರೆ ಯಾರೂ ಸಿಗಲಿಲ್ಲ."

ಇಷ್ಟು ವರ್ಷದ ಕೆಲಸದಲ್ಲಿ ದೋಣಿಯಲ್ಲಿ ಕತ್ತಿ ಹಿಡಿದು ಹೊಡೆದಾಡಿದವರನ್ನು, ಹೆಂಡದ ಗಡಂಗಿನಲ್ಲಿ ಕಲ್ಲೆತ್ತಿ ಹಾಕಿದವರನ್ನು ಬೀರಪ್ಪನವರು ಕಂಡಿದ್ದರು. ಅವರಾರೂ ಇಷ್ಟು ತಣ್ಣಗೆ ಮಾತಾಡಿರಲಿಲ್ಲ.

"ಡಾಕ್ಟ್ರೆ, ಕೊಕ್ಕೆಯ ಪಟ್ಟಿಯನ್ನ ಗುಂಡಿ ಹತ್ರ ಯಾರೋ ಬಿಚ್ಚಿದ್ರು. ಅವ ಸತ್ತ ಮೇಲೆ ಮತ್ತೆ ಬಿಗಿದ್ರು. ಗಣಪ ಪೇಟೆಗೆ ಹೋಗಿದ್ದ. ಅಲ್ಲಿ ಇದ್ದವರು ನೀವೊಬ್ರೇ."

ತ್ರ್ಯಂಬಕರು ನಿಧಾನವಾಗಿ ಕನ್ನಡಕ ಹಾಕಿಕೊಂಡರು.

"ಇದನ್ನು ನಾನು ಹೇಳಬಾರದು ಅಂತ ಇದ್ದೆ. ಗಂಡ ಸತ್ತವಳು."

"ಹೇಳಿ."

"ನಳಿ ಒಡೆದಿತ್ತಲ್ಲ, ಗುಮ್ಮಟದೊಳಗಿನ ನೀರು ಒರೆಸಿ ಬಾಟಲಿ ಬಿಚ್ಚಬೇಕಿತ್ತು. ಬೆಳಿಗ್ಗೆ ನಾನೇ ಮಾಡ್ತೇನೆ ಅಂದಿದ್ದೆ. ಶಿವ ಊಟ ಮಾಡಿ ಬಂದವನು, ನಿಮ್ಮ ಕೈ ನಡುಗ್ತದೆ, ನಾನೇ ಹೋಗ್ತೇನೆ ಅಂದ. ಕೊಕ್ಕೆ ಹಾಕಿದ. ಕೈ ಹಾಕಿದ. ನಾನು ಓಡಿ ಹೋಗಿ ನಾಡಿ ಹಿಡಿದೆ. ಏನೂ ಇರಲಿಲ್ಲ. ತಲೆ ಎತ್ತಿದಾಗ ಹಿಂದಿನ ಕಿಟಕಿಯಲ್ಲಿ ಕಂಡಿತು. ವಸಂತಿ ಗುಂಡಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಸ್ಪ್ಯಾನರ್ ತಿರುಗಿಸುತ್ತಿದ್ದಳು."

"ಖರೆಯಾ?"

"ಗುಮ್ಮಟದ ಹತ್ತಿರ ಹೋಗಬೇಕಾಗಿದ್ದವನು ನಾನು, ಇನ್‌ಸ್ಪೆಕ್ಟರೇ. ಆ ಬಲೆ ನನಗೆ ಹಾಕಿದ್ದು. ಸಿಕ್ಕಿದ್ದು ಅವಳ ಗಂಡ."

*

ಬೀರಪ್ಪನವರು ಉಂಗುರ ಹಿಡಿದುಕೊಂಡು ಜೀಪಿನ ಹತ್ತಿರ ಬಂದರು. ವಸಂತಿ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಹೊರಮೈಯಲ್ಲಿ ಚೊಂಬಿಗೆ ಕೊರೆದಿದ್ದ ಅತ್ತೆ ದುರ್ಗಿಯ ಹೆಸರಿನ ಅರ್ಧ ಅಕ್ಷರ ಉಳಿದಿತ್ತು.

"ಇದೇ," ಎಂದಳು.

"ಅಕ್ಕೋರೆ, ಪಟ್ಟಿ ಬಿಗಿದದ್ದು ನೀವು ಅಂತಾರೆ ಡಾಕ್ಟ್ರು. ಅವರು ಕಂಡಿದ್ರಂತೆ."

ಚೌಡ ಬೆಚ್ಚಿ ಅವಳತ್ತ ನೋಡಿದ. ಅವಳು ಉಂಗುರದಿಂದ ಕಣ್ಣೆತ್ತಲಿಲ್ಲ.

"ಹೌದು. ಬಿಗಿದವಳು ನಾನೇ. ಬಿಚ್ಚಿದ್ದು ನಾನಲ್ಲ."

"ಮತ್ತೆ ಯಾರು?"

ಅವಳು ಉಂಗುರವನ್ನು ಮಡಿಲಲ್ಲಿಟ್ಟುಕೊಂಡಳು.

"ನನ್ನ ಗಂಡ."

ಬೀರಪ್ಪನವರು ಜೀಪಿನ ಬಾಗಿಲು ಹಿಡಿದು ನಿಂತರು.

"ಮನೆಗೆ ಬಂದವರು ಊಟದ ಬಟ್ಟಲ ಮುಂದೆ ಕೂತ್ರು. ಉಣ್ಲಿಲ್ಲ. ಕೈ ತೊಳೆಯೂಕೆ ಎದ್ದವರು ಅಲ್ಲೇ ಬಾವಿಕಟ್ಟೆ ಮೇಲೆ ಕೂತು ಎಲ್ಲ ಹೇಳ್ದರು. ಉಂಗುರ ಹೋದದ್ದು ನಂಗೆ ಆಗಲೇ ಗೊತ್ತಿತ್ತು, ಬೆಳಿಗ್ಗೆ ಡಾಕ್ಟ್ರು ಅದನ್ನ ಬಿಚ್ಚಿ ಕಿಸೆಗೆ ಹಾಕಿದ್ರಂತೆ. ದಿಲ್ಲಿಯವರ ಹತ್ರ ನಿನ್ನ ಬಗ್ಗೆ ಮುಂಬಯಿಯವರು ಎಂತ ಬರೆದಿದ್ರು ಅಂತ ನಾನು ಹೇಳ್ತೆ ಅಂದ್ರಂತೆ. ಇವರಿಗೆ ಕಣ್ಣು ಕತ್ತಲೆ ಬಂದ ಹಾಂಗಾತಂತೆ. ಹಿಂದೆ ಹೋಗಿ ಕೊಕ್ಕೆಯ ಪಟ್ಟಿ ಬಿಚ್ಚಿದ್ರು. ನೀರು ಒರೆಸೂಕೆ ಡಾಕ್ಟ್ರೇ ಹೋಗೂವವರಿದ್ರಲ್ಲ."

"ಬಿಚ್ಚಿ ಹಾಂಗೇ ಬಿಟ್ಟು ಬಂದ್ರಾ?"

"ಇಲ್ಲ. ಗೇಟಿನ ತನಕ ಬಂದವರು ತಿರುಗಿ ಹೋಗಿ ಮತ್ತೆ ಬಿಗಿದೆ ಅಂದ್ರು. ನನ್ನಿಂದ ಆಗಲಿಲ್ಲ ವಸಂತಿ, ಬಿಗಿದೇ ಬಂದೆ ಅಂತ ನನ್ನ ಕೈ ಹಿಡ್ಕೊಂಡು ಹೇಳ್ದರು. ಅವರ ಕೈಯಲ್ಲಿ ಇನ್ನೂ ಹಸರು ಹುಡಿ ಇತ್ತು. ಅವರು ತಿರುಗಿ ಹೋದ ಮೇಲೆ ನಂಗೆ ಒಳಗೆ ಕೂರೂಕೆ ಆಗ್ಲಿಲ್ಲ. ಹಿಂದೆಯೇ ಹೋದೆ. ನಮ್ಮ ಮನೆಯ ದಾರಿ ಗುಂಡಿಯ ಬದಿಗೇ ಬರೂದು. ಒಳಗೆ ಒಂದು ಸದ್ದಾತು, ಪಟಾಕಿ ಹೊಡೆದ ಹಾಂಗೆ. ಚಪ್ಪಡಿ ಸರಿದಿತ್ತು. ಪಟ್ಟಿ ಬಿಚ್ಚಿಯೇ ಇತ್ತು. ಸ್ಪ್ಯಾನರು ಅಲ್ಲೇ ಬಿದ್ದಿತ್ತು."

ಅವಳು ಉಸಿರು ಎಳೆದುಕೊಂಡಳು.

"ನನ್ನ ಹತ್ರ ಸುಳ್ಳು ಹೇಳಿ ತಾವೇ ಸಾಯೂಕೆ ಹೋದ್ರು ಅಂತ ತಿಳ್ಕೊಂಡೆ. ಕೊಲ್ಲೂಕೆ ಹೊರಟವ, ಸಾಯೂಕೆ ಹೊರಟವ ಅಂತ ಯಾರೂ ಅವರ ಬಗ್ಗೆ ಹೇಳಬಾರ್ದು ಅಂತ ಬಿಗಿದೆ. ಕರೆಂಟು ಹೊಡೆದು ಸತ್ತ ಅಂತ ಆಗ್ಲಿ ಅಂತ."

"ಮತ್ತೆ ಈಗ ಎಂತಕ್ಕೆ ಹೇಳ್ತಾ ಇದ್ರಿ?"

"ಈಗ ನೀವು ಹೇಳಿದ್ದು ಕೇಳಿ ಹೇಳ್ತಾ ಇದ್ದೆ. ಅವರು ನನ್ನ ಕಂಡದ್ದು ಯಾವ ಕಿಟಕಿಯಿಂದ?"

"ಹಿಂದಿನದು."

"ಅವರ ಮೇಜು ಇರೂದು ಅದೇ ಕಿಟಕಿಯ ಹತ್ರ ಸಾಯೇಬ್ರೆ. ಬೆಳಿಗ್ಗೆಯೆಲ್ಲ ಅವರು ಅಲ್ಲೇ ಕೂತಿರ್ತ್ರು."

ಬೀರಪ್ಪನವರು ಗಟ್ಟಿಯಾಗಿಯೇ ಒಂದೊಂದನ್ನೂ ಜೋಡಿಸತೊಡಗಿದರು. ಶಿವ ಪಟ್ಟಿ ಬಿಚ್ಚಿದ್ದನ್ನು ಮುದುಕರು ಕಿಟಕಿಯಿಂದ ಕಂಡಿರಬೇಕು. ತಿರುಗಿ ಬಂದು ಬಿಗಿದದ್ದನ್ನೂ ಕಂಡಿರಬೇಕು. ಗಣಪನನ್ನು ಪೇಟೆಗೆ ಕಳಿಸಿದವರು ಅವರೇ. ಶಿವ ಬಾವಿಕಟ್ಟೆಯ ಮೇಲೆ ಕೂತು ಹೆಂಡತಿಯ ಕೈ ಹಿಡಿದಿದ್ದ ಹೊತ್ತಿನಲ್ಲಿ ಅವರು ಅಲ್ಲಿ ಒಬ್ಬರೇ. ಬಿಚ್ಚುವುದು ಹೇಗೆಂದು ಅವನೇ ತೋರಿಸಿಕೊಟ್ಟಿದ್ದ; ಮುದುಕರು ಅದನ್ನು ಮತ್ತೆ ಬಿಚ್ಚಿರಬೇಕು.

"ನಾನೇ ಹೋಗ್ತೇನೆ ಅಂತ ಇವರು ಹೇಳಿರ್ತ್ರು," ವಸಂತಿ ಅಂದಳು. "ಬೆಳಿಗ್ಗೆ ಮಾಡಿದ್ದಕ್ಕೆ ಮನಸ್ಸು ಚುಚ್ಚಿ ಹೇಳಿರ್ತ್ರು. ಕೊಕ್ಕೆ ಸಮ ಇದೆ ಅಂತ ನಂಬ್ಕೊಂಡೇ ಕೈ ಹಾಕಿರ್ತ್ರು."

ಜಗಲಿಯ ಮೇಲೆ ಚಪ್ಪಲಿಯ ಸದ್ದಾಯಿತು. ತ್ರ್ಯಂಬಕರು ಕಂಬ ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ಕೇಳುತ್ತಿದ್ದರೋ.

"ಚೆನ್ನಾಗಿ ಜೋಡಿಸಿದಿರಿ," ಎಂದರು. "ಆದರೆ ಇದನ್ನು ಕೋರ್ಟಿನಲ್ಲಿ ಹೇಳುವವರು ಯಾರು? ನನ್ನ ಮೇಲೆ ಒಂದು ಮಾತು ಹೇಳಬೇಕಾದರೆ, ತನ್ನ ಗಂಡ ಗುರುವನ್ನು ಕೊಲ್ಲಲು ಹೊರಟಿದ್ದ ಅಂತ ಮೊದಲು ಇವಳು ಹೇಳಬೇಕು. ಬಿಗಿದ ಕೈ ತನ್ನದು ಅಂತಲೂ ಹೇಳಬೇಕು. ಅಷ್ಟು ಹೇಳಿದ ಮೇಲೆ ಯಾವ ಜಡ್ಜು ನನ್ನ ಕಡೆ ನೋಡ್ತಾನೆ?"

ಬೀರಪ್ಪನವರ ಕೈ ಬೆಲ್ಟಿನ ಮೇಲೆ ಬಿಗಿಯಾಯಿತು. ಆದರೆ ಮುದುಕರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

"ಚೌಡ, ನೀನು ಇಲ್ಲೇ ಗೇಟಿನ ಹತ್ರ ಕೂತ್ಕ. ಇವರು ಹೊರಗೆ ಹೊರಟ್ರೆ ಹಿಂದೆಯೇ ಹೋಗು."

ಸ್ಟಿಯರಿಂಗ್ ಹಿಡಿದು ಅವರು ಹಿಂದೆ ತಿರುಗಿ ಕೇಳಿದರು. "ಭಟ್ಕಳ ಸ್ಟೇಷನ್ನಿಗೆ ಹೋಗೂವನಾ ಅಕ್ಕೋರೆ? ಹೇಳಿಕೆ ಕೊಡ್ತ್ರಿಯಾ?"

"ಮೊದ್ಲು ಮಾವಳ್ಳಿಗೆ," ಎಂದಳು ವಸಂತಿ. "ಕೆಡೂ ಹೆಸರು ಅತ್ತೆಯ ಮಗನದ್ದು. ಅವರ ಹತ್ರ ಕೇಳದೆ ನಾನು ಎಂತದೂ ಹೇಳೂದಿಲ್ಲ."

*

ಮಾವಳ್ಳಿಯ ಅಂಗಳದಲ್ಲಿ ಕೇರಿಯ ಹೆಂಗಸರು ತುಂಬಿದ್ದರು. ಗಂಡಸರು ಅಂದು ದೋಣಿ ಇಳಿಸಿರಲಿಲ್ಲ. ಕೇರಿಯಿಂದ ಮುಂಬಯಿಗೆ ಹೋಗಿ ಡಾಕ್ಟರನಾಗಿ ಬಂದ ಒಬ್ಬನೇ ಒಬ್ಬ ಹುಡುಗನ ಸಾವು. ಶಿವನ ತಂದೆ ಶನಿಯಾರ ತೀರಿಹೋಗಿ ಬಹಳ ಕಾಲವಾಗಿತ್ತು. ಮೀನಿನ ಬುಟ್ಟಿ ಹೊತ್ತು ಮಗನನ್ನು ಓದಿಸಿದ ದುರ್ಗಿ ಹೊಸ್ತಿಲ ಬದಿಗೆ ಕಾಲು ನೀಡಿ ಕೂತಿದ್ದಳು.

ಪೊಲೀಸ್ ಜೀಪು ನೋಡಿ ಎಲ್ಲರೂ ಸರಿದರು. ವಸಂತಿ ಅತ್ತೆಯನ್ನು ಒಳಗೆ ಕರೆದುಕೊಂಡು ಹೋದಳು. ಬೀರಪ್ಪನವರು ಬೂಟು ಕಳಚಿ ಬಾಗಿಲ ಒಳಗೆ ಗೋಡೆಗೆ ಒರಗಿ ನಿಂತರು.

ವಸಂತಿ ಏನನ್ನೂ ಮುಚ್ಚಿಡಲಿಲ್ಲ. ಕಡೆಗೆ ಉಂಗುರವನ್ನು ಅತ್ತೆಯ ಅಂಗೈಯಲ್ಲಿಟ್ಟಳು. ದುರ್ಗಿ ಅದನ್ನು ಬೆರಳಿನಿಂದ ಸವರಿದಳು. ಮೀನಿನ ಮುಳ್ಳು ಚುಚ್ಚಿ ಚುಚ್ಚಿ ಒರಟಾದ ಬೆರಳುಗಳು.

"ನಾನು ಹೇಳ್ಲಾ ಅತ್ತೆ? ಹೇಳಿದ್ರೆ ಕೇರಿಯಲ್ಲೆಲ್ಲ ಗೊತ್ತಾಗ್ತದೆ. ಇವರು ಕೊಲ್ಲೂಕೆ ಹೊರಟಿದ್ರು ಅಂತ. ಹೇಳದಿದ್ರೆ ಆ ಮನುಷ್ಯ ಹಾಂಗೇ ಉಳೀತ್ನೆ."

ದುರ್ಗಿ ಅಳಲಿಲ್ಲ. ಉಂಗುರವನ್ನು ಒಮ್ಮೆ ತಿರುಗಿಸಿದಳು.

"ಅವ ಮತ್ತೆ ಬಿಗಿದೆ ಅಂತ ಹೇಳ್ದ್ನಾ?"

"ಹೇಳ್ದರು."

"ನೀ ಕಂಡಿದ್ಯಾ?"

ವಸಂತಿ ತಲೆ ಅಲ್ಲಾಡಿಸಿದಳು. "ಕೈಯಲ್ಲಿ ಹಸರು ಹುಡಿ ಇತ್ತು ಅತ್ತೆ."

"ಬಿಚ್ಚುವಾಗಲೂ ಹುಡಿ ಹತ್ತೂದೇ." ದುರ್ಗಿ ಬೀರಪ್ಪನವರ ಕಡೆ ತಿರುಗಿದಳು. "ನೀವು ಕಂಡಿದ್ರಾ ಸಾಯೇಬ್ರೆ? ಆ ಪಂಪಿನ ಗಣಪ ಕಂಡಿದ್ನಾ?"

"ಇಲ್ಲ ಅಮ್ಮ. ಯಾರೂ ಕಂಡವರಿಲ್ಲ."

"ಕಿಟಕಿ ಹತ್ರ ಕೂತಿದ್ದ ಅವ ಕಂಡಿರ್ತ್ನಾ?"

ಬೀರಪ್ಪನವರು ಅದನ್ನೇ ಯೋಚಿಸುತ್ತಿದ್ದರು. ಶಿವ ತಿರುಗಿ ಹೋಗಿ ಬಿಗಿಯದೇ ಇದ್ದಿದ್ದರೆ ಅವನು ತಾನು ತೋಡಿದ ಗುಂಡಿಗೆ ತಾನೇ ಬಿದ್ದವನು, ಬಿಗಿದಿದ್ದರೆ ಕೊಲೆಯಾದವನು. ಎರಡರಲ್ಲಿ ಯಾವುದೆಂದು ಹೇಳಬಲ್ಲ ಕಣ್ಣು ಲೋಕದಲ್ಲಿ ಒಂದೇ ಜೋಡಿ ಇತ್ತು, ತ್ರ್ಯಂಬಕರದು. ಅದನ್ನು ಹೇಳಿದರೆ ಆ ಮನುಷ್ಯ ತನ್ನ ಕೊರಳಿಗೆ ತಾನೇ ಹಗ್ಗ ಹಾಕಿಕೊಂಡಂತೆ.

ದುರ್ಗಿಗೂ ಅದು ಅರ್ಥವಾಗಿತ್ತು. ಅವಳು ಗೋಡೆ ಹಿಡಿದು ಎದ್ದಳು. ಉಂಗುರವನ್ನು ಸೆರಗಿನ ತುದಿಗೆ ಕಟ್ಟಿ ಸೊಂಟಕ್ಕೆ ಸಿಕ್ಕಿಸಿದಳು.

"ಹಾಂಗಾರೆ ನನ್ನ ಮಗ ಕೊಲೆಗಾರ ಅಲ್ಲ ಅಂತ ಹೇಳೂಕೆ ಆ ಮುದುಕ ಒಬ್ಬನೇ ಉಳ್ದ," ಎಂದಳು. "ಅವ ಬದುಕಿರ್ಬೇಕು ಸಾಯೇಬ್ರೆ. ಹೊರಗೆ ಕೂತ ನಮ್ಮ ಗಂಡಸ್ರಿಗೆ ಇದು ಗೊತ್ತಾಗಿ ಅವನ ಕಡಿಯೂಕೆ ಹೋಗೂ ಮೊದ್ಲು ನನ್ನ ಅವನ ಮನೆಗೆ ಕರ್ಕೊಂಡು ಹೋಗಿ."